ಪರಸ್ಪರ ಹೋದ ವೈನಿ

೧೯೯೮ರ ಏಪ್ರಿಲ್ ೨೧, ಮಂಗಳವಾರ. ಆಧಾರ: ಪುಣೆಯ ನಮ್ಮ ಅಡುಗೆಮನೆಯಲ್ಲಿ ತೂಗುತ್ತಿದ್ದ ಮರಾಠಿ ಕ್ಯಾಲೆಂಡರು. ಆ ತಾರೀಖಿನ ಚೌಕದಲ್ಲಿ ವೈನಿ ಕೆಂಪು ಶಾಯಿಯಿಂದ ‘ಪೇಪರ್’ ಎಂದು ಬರೆದಿದ್ದರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವರ ಬಲಭುಜ ಎಡಭುಜಕ್ಕಿಂತ ತುಸು ಇಳಿದಿತ್ತು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ನನ್ನ ತಾಯಿಯನ್ನು ವರ್ಷಗಟ್ಟಲೆ ಆ ಭುಜಕ್ಕೆ ಒರಗಿಸಿಯೇ ಎಬ್ಬಿಸಿ ಕೂಡಿಸಿದ್ದರ ಗುರುತು ಅದು. ಅವ್ವ ಬೇರೆ ಯಾರ ಕೈಯ ತುತ್ತನ್ನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಧಾರವಾಡದಿಂದ ಮದುವೆಯಾಗಿ ಬಂದ ವೈನಿಯ ಪಾಲಿಗೆ ಪುಣೆಯೆಂದರೆ ಎರಡು ಕೋಣೆ, ಒಂದು ಗ್ಯಾಲರಿ. ಅಲ್ಲಿಯೇ, ಅವ್ವನ ಮಂಚದ ಪಕ್ಕ ಪುಸ್ತಕ ಹರಡಿಕೊಂಡು, ಬಾಹ್ಯ ವಿದ್ಯಾರ್ಥಿನಿಯಾಗಿ ಇತಿಹಾಸದ ಎಂ.ಎ. ಓದುತ್ತಿದ್ದರು. ಉಳಿದದ್ದು ಒಂದೇ ಪತ್ರಿಕೆ, ಆಧುನಿಕ ಜಗತ್ತಿನ ಇತಿಹಾಸ. ಅದು ಮುಗಿದರೆ ಕಾಲೇಜಿನಲ್ಲಿ ಪಾಠ ಹೇಳಲು ಹೋಗಬಹುದು, ದಿನವೂ ಹೊಸ್ತಿಲು ದಾಟಬಹುದು. ಹಿಂದಿನ ಎರಡು ವರ್ಷವೂ ಪರೀಕ್ಷೆಯ ದಿನವೇ ಅವ್ವನಿಗೆ ಎದೆನೋವು ಬಂದಿತ್ತು.

ನಾಗರಿಕತೆಗಳ ಪರಸ್ಪರ ಅವಲಂಬನೆ ಎಂಬ ಅಧ್ಯಾಯವನ್ನು ಅವರು ಸೌಟು ಹಿಡಿದೇ ನನಗೆ ಒಪ್ಪಿಸುತ್ತಿದ್ದರು.

“ಭಾವೂಜಿ, ಅಮೆರಿಕದಾಗ ಅಂತರ್ಯುದ್ಧ ಆತು, ಇಂಗ್ಲೆಂಡಿನ ಗಿರಣಿಗೆ ಹತ್ತಿ ಬರೂದು ನಿಂತಿತು. ಆವಾಗ ನಮ್ಮ ಧಾರವಾಡದ ಹತ್ತಿಗೆ ಭಾಳ ಬೆಲಿ ಬಂತು. ಈಗ ನೋಡ್ರಿ, ಅತ್ತಿ ಇಲ್ಲಿ ಕೆಮ್ಮಿದ್ರ ಶಿವಾಜಿನಗರದ ಪರೀಕ್ಷಾ ಹಾಲಿನ್ಯಾಗ ನನ್ನ ಖುರ್ಚಿ ಖಾಲಿ! ಇದೂ ಅವಲಂಬನಾನ ಅಲ್ಲೇನ್ರಿ? ಈ ಪುಸ್ತಕ ಬರದಾವರನ್ನ ಯಾರೂ ಮಂಚದ ಕಾಲಿಗೆ ಕಟ್ಟಿರಲಿಕ್ಕಿಲ್ಲ ಬಿಡ್ರಿ.”

ಆ ಮಂಗಳವಾರ ಅವ್ವ ಮಂಪರಿನಲ್ಲಿದ್ದಾಗ ವೈನಿ ಗಂಜಿಯ ಬಟ್ಟಲನ್ನು ನನ್ನ ಕೈಗಿತ್ತು, ಶಿವಾಜಿನಗರದ ಪರೀಕ್ಷಾ ಕೇಂದ್ರಕ್ಕೆಂದು ಹೊರಟುಹೋದರು. ಅವ್ವ ದಿನವಿಡೀ ಗಂಜಿಗೆ ಬಾಯಿ ತೆರೆಯಲಿಲ್ಲ. ಸಂಜೆ ವೈನಿ ಒಳಗೆ ಕಾಲಿಟ್ಟೊಡನೆ ತೊದಲುತ್ತಲೇ ಗದರಿದರು: “ನನಗೊಂದು ಮಾತ ಹೇಳದ ಪರಸ್ಪರ ಹೋದ್ಯಾ?”

ಮರಾಠಿಯಲ್ಲಿ ಆ ಶಬ್ದಕ್ಕೆ, ಸಂಬಂಧಪಟ್ಟವರನ್ನು ಕೇಳದೆ ತಾನೇ ತಾನಾಗಿ ಎಂಬ ಅರ್ಥ. ಪುಣೆಯಲ್ಲಿ ನಮ್ಮ ಮನೆಯ ಕನ್ನಡಕ್ಕೂ ಆ ಅರ್ಥ ಅಂಟಿಕೊಂಡಿತ್ತು.

ವೈನಿ ಗಂಜಿ ಬಿಸಿಗಿಡುತ್ತ ಹೇಳಿದರು: “ಹೌದ್ರಿ ಅತ್ತಿ. ಏಳು ವರ್ಷ ಕನ್ನಡದ ಪರಸ್ಪರ ಮಾಡೇನಿ. ಇವತ್ತೊಂದು ದಿನ ಮರಾಠಿದು ಮಾಡಿದೆ.”

ಅವ್ವ ನಗಲಿಲ್ಲ, ತುತ್ತಿಗೆ ಮಾತ್ರ ಬಾಯಿ ತೆರೆದರು.

ಪೇಪರ್ ಹೇಗಾಯಿತೆಂದು ಕೇಳಿದೆ. “ಭಾಳ ಛಲೋ ಆತ್ರಿ” ಎಂದರು. ಹತ್ತಿಯ ಪ್ರಶ್ನೆಯೇ ಬಂದಿತ್ತೆಂದು, ಪುಟಗಟ್ಟಲೆ ಬರೆದೆನೆಂದು ಹೇಳಿದರು. ಅವರ ಮುಖದಲ್ಲಿ ಬಿಸಿಲಿನ ಕೆಂಪಿತ್ತು. ಫಲಿತಾಂಶ ಬಂದಾಗ “ನಪಾಸ್ ಆತು, ಬಿಡ್ರಿ” ಎಂದವರು ಮತ್ತೆ ಪರೀಕ್ಷೆಗೆ ಹೆಸರು ಕೊಡಲಿಲ್ಲ. ಅವ್ವ ತೀರಿಕೊಂಡದ್ದು ೨೦೦೩ರಲ್ಲಿ. ಮರುವರ್ಷವೇ ವೈನಿಯೂ ತೀರಿಹೋದರು. ದೇಶದೇಶಗಳ ಅವಲಂಬನೆಯ ಬಗ್ಗೆ ಬರೆಯುವಾಗಲೆಲ್ಲ, ಭಾರ ಯಾರ ಕಡೆಗೆ ಬಿದ್ದಿದೆ ಎಂದು ಮೊದಲು ನೋಡುವ ನನ್ನ ಅಭ್ಯಾಸ ಅವರಿಂದ ಬಂದದ್ದು.

ಈ ಲೇಖನಕ್ಕಾಗಿ ವಿಶ್ವವಿದ್ಯಾಲಯದಿಂದ ಅವರ ಪರೀಕ್ಷಾ ದಾಖಲೆಯ ಪ್ರತಿ ತರಿಸಿದೆ. ಆ ಪತ್ರಿಕೆಯ ಎದುರು ಅಂಕವಿಲ್ಲ, ‘ಗೈರುಹಾಜರು’ ಎಂದಿದೆ. ಎರಡು ಬಾರಿ ತಾಳೆ ನೋಡಿದೆ; ದಿನಾಂಕ ಅದೇ, ಹೆಸರೂ ಅವರದೇ. ಅಂದು ಅವರು ಎಲ್ಲಿದ್ದರೆಂಬುದಕ್ಕೆ ನನ್ನಲ್ಲಿ ಯಾವ ಆಧಾರವೂ ಇಲ್ಲ. ಮನೆಯಲ್ಲಿರಲಿಲ್ಲ ಎಂಬುದಷ್ಟೇ ಖಚಿತ.