ಗಾದೆಮ್ಮ ಮಣ್ಣು ಹೊದಿಸಿದ ಮಾಳಿಗೆ

ಗಾದೆಮ್ಮ ಮದುವೆಯಾಗಿ ಗುಡೇಕೋಟೆ ಬಿಟ್ಟು ಕೂಡ್ಲಿಗಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಗಂಡ ಪಕ್ಕೀರಪ್ಪ ಮನೆ ಕಟ್ಟುವ ಗೌಂಡಿ. ಅವನ ಜೊತೆ ಕೆಲಸಕ್ಕೆ ಹೋಗುತ್ತ, ಊರಿನ ಎಷ್ಟೋ ಮನೆಗಳ ಆರ್‌ಸಿಸಿಗೆ ಕಾಂಕ್ರೀಟು ಹೊತ್ತವಳು ಆಕೆ. ಆದರೂ ಮನೆ ಎಂದರೆ ಅವಳ ಕಣ್ಣಿಗೆ ಬರುವುದು ತಾನು ಹುಟ್ಟಿದ ಗುಡೇಕೋಟೆಯ ಮಾಳಿಗೆ ಮನೆ.

ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಹೊರಗೆ ಗುಡ್ಡದ ಬಂಡೆಗಳು ಕಾದು ಕೆಂಡವಾಗಿದ್ದರೂ ಪಡಸಾಲೆಯ ಬರಿನೆಲಕ್ಕೆ ಬೆನ್ನು ಹಚ್ಚಿದರೆ ತಣ್ಣಗೆ ನಿದ್ದೆ. ಕಿಂಡಿಯ ಬಿಸಿಲು ಬೀಸುವ ಕಲ್ಲಿನ ಹತ್ತಿರ ಬಂತೆಂದರೆ ಅವ್ವ ಹೊಲದಿಂದ ಬರುವ ಹೊತ್ತು. ಪ್ರತಿ ವರ್ಷ ಮಳೆಗೆ ಮೊದಲು ಅಪ್ಪ ಹಳ್ಳದ ದಂಡೆಯಿಂದ ಚೌಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಿದ್ದ. ನೀರು ಕೆಳಗಿಳಿಯದಂತೆ ತಡೆಯುವ ಮಣ್ಣು ಅದು. ಬುಟ್ಟಿ ಎತ್ತಿ ಕೊಡುತ್ತಿದ್ದವಳು ಗಾದೆಮ್ಮ.

ಅಪ್ಪ ಹೋದ ಮೇಲೆ ಆ ಕೆಲಸ ನಿಂತಿತು. ಮಾಳಿಗೆ ಸೋರತೊಡಗಿದಾಗ ತಮ್ಮ ಅಂಜಿನೇಯಲು ಅದರ ಮೇಲೆ ಸಿಮೆಂಟು ಬಳಿಸಿದ. ಸಿಮೆಂಟು ಬಿರುಕು ಬಿಟ್ಟು, ನೀರು ಒಳಗೇ ನಿಂತು ಜಂತಿ ಕೊಳೆತವು. ಹೋದ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ಈ ಏಪ್ರಿಲ್‌ನಲ್ಲಿ ಅವನು ಫೋನ್ ಮಾಡಿ, ಮನೆ ಕೆಡವಲು ಜೆಸಿಬಿಗೆ ಹೇಳಿದ್ದೇನೆ ಎಂದ.

ಮರುದಿನವೇ ಗಾದೆಮ್ಮ ಬಸ್ಸು ಹತ್ತಿ ಬಂದಳು.

"ನಿನಗೇನಕ್ಕ, ವರ್ಷಕ್ಕೊಮ್ಮಿ ಬಂದು ಹೋಗ್ತಿ. ಇದರಾಗ ಮಲಗೋರು ನಾವು," ಎಂದ ತಮ್ಮ.

ಅವನ ಹೆಂಡತಿ ಪಂಪಮ್ಮ ಮೆಲ್ಲಗೆ ಹೇಳಿದಳು, "ಮಳಿ ಬಂದ್ರ ಮಕ್ಕಳನ್ನ ಕರಕೊಂಡು ಗುಡಿಯಾಗ ಕುಂದ್ರತೀನಿ ಅಕ್ಕ. ನನಗ ಹೆದರಿಕಿ ಐತಿ."

ಆ ಮಾತು ಸುಳ್ಳಾಗಿರಲಿಲ್ಲ. ಗಾದೆಮ್ಮ ಏಣಿ ಹತ್ತಿ, ಮಾಳಿಗೆಯನ್ನು ಮೂಲೆ ಮೂಲೆಯೂ ತಟ್ಟಿ ನೋಡಿ ಇಳಿದಳು.

"ಕೆಟ್ಟಿರೋದು ಐದು ಜಂತಿ. ತೊಲಿ ಗಟ್ಟಿ ಅದಾವ. ಮಳಿಗಾಲದ ತನಕ ನನಗ ಬಿಡು. ಆಮ್ಯಾಲೂ ಸೋರಿದ್ರ ನಾನಾ ನಿಂತು ಕೆಡವಸ್ತೀನಿ."

ಕೂಡ್ಲಿಗಿಗೆ ಮರಳಿ ಹೇಳಿದಾಗ ಪಕ್ಕೀರಪ್ಪನಿಗೆ ನಗು. "ಊರಿಗೆಲ್ಲ ಆರ್‌ಸಿಸಿ ಹಾಕಿ ನೀ ಮಣ್ಣಿಗೆ ಬಿದ್ದಿಯಲ್ಲಲೇ!"

"ಬರೋದಿದ್ರ ಬಾ, ಇಲ್ಲಂದ್ರ ನಿನ್ನ ಕರಣಿ ಕೊಡು."

ಗಾರೆ ಬಳಿಯುವ ಕರಣಿ ಕೊಟ್ಟ. ಮೂರನೆಯ ದಿನ ತಾನೂ ಗುಡೇಕೋಟೆಗೆ ಬಂದ.

ಕೂಡ್ಲಿಗಿಯಲ್ಲಿ ಹಳೆಯ ಮನೆ ಕೆಡವುತ್ತಿದ್ದವರನ್ನು ಕೇಳಿ ಗಾದೆಮ್ಮ ಗಟ್ಟಿ ಜಂತಿಗಳನ್ನು ತಂದಿದ್ದಳು. ಸಿಮೆಂಟು ಒಡೆದು ತೆಗೆದರು, ಬಿದ್ದ ಕಲ್ಲನ್ನೇ ಆರಿಸಿ ಹಿಂದಿನ ಗೋಡೆ ಎಬ್ಬಿಸಿದರು. ಎದೆಯೆತ್ತರ ಬಂದ ದಿನ ಸಂಜೆ ಗಾಳಿಯೆದ್ದು ಅಡ್ಡ ಮಳೆ ಹೊಡೆಯಿತು. ಹಸಿ ಗೋಡೆ ಮೊಣಕಾಲಿನವರೆಗೆ ಜಾರಿತು. ಹಿತ್ತಲ ಅಡುಗೆಕೋಣೆಯೂ ವಾಲಿ ನಿಂತಿತು.

"ಸಾಕು ಬಿಡಕ್ಕ," ಎಂದ ಅಂಜಿನೇಯಲು.

ಆ ಅಡುಗೆಕೋಣೆಯಲ್ಲೇ ಗಾದೆಮ್ಮ ಮೊದಲ ರೊಟ್ಟಿ ಬಡಿದದ್ದು. ಅದನ್ನೊಮ್ಮೆ ಸುತ್ತು ಹಾಕಿ ನೋಡಿ, "ಇದು ನಿಲ್ಲಂಗಿಲ್ಲ, ಕೆಡವ್ರಿ. ಇಲ್ಲಿಗೆ ತಗಡು ಹಾಕೋಣ," ಎಂದಳು. ಆಮೇಲೆ ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಜಾರಿದ ಕಲ್ಲುಗಳನ್ನು ಒಂದೊಂದಾಗಿ ತೊಳೆದು ಬದಿಗಿಡತೊಡಗಿದಳು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಪಂಪಮ್ಮ ಸೆರಗು ಸಿಕ್ಕಿಸಿ ಪಕ್ಕಕ್ಕೆ ಬಂದು ಕೂತಳು. ಅಂಜಿನೇಯಲು ಏನೋ ಗೊಣಗುತ್ತ ಬುಟ್ಟಿ ತರಲು ಹೋದ.

ಗೋಡೆ ಮತ್ತೆ ಎಬ್ಬಿಸಿ, ಜಂತಿ ಕೂರಿಸಿ, ಜೂನ್ ಎರಡನೇ ವಾರ ಚೌಳು ಮಣ್ಣು ಹಾಕಿ, ಕೊಡಮಣಿ ಎಂಬ ಮರದ ಬಡಿಗೆಯಿಂದ ಬಡಿದು ಗಟ್ಟಿ ಮಾಡಿದರು. ಮೃಗಶಿರಾ ಮಳೆ ಎರಡು ದಿನ ಬಿಡದೆ ಹೊಯ್ದಾಗ ಗಾದೆಮ್ಮ ಅಲ್ಲೇ ಇದ್ದಳು. ತೊಟ್ಟಿಕ್ಕಿದ್ದು ಬೆಳಕಿಂಡಿಯ ಅಂಚಿನಲ್ಲಿ ಮಾತ್ರ. ಮಳೆ ನಿಂತ ಮೇಲೆ ಆ ಅಂಚಿಗೂ ಮಣ್ಣು ಮೆತ್ತಿದಳು. ಪಂಪಮ್ಮ ಈ ಸಲ ಮಕ್ಕಳನ್ನು ಗುಡಿಗೆ ಕರೆದೊಯ್ಯಲಿಲ್ಲ.

ಈಗ ಗಾದೆಮ್ಮ ಮತ್ತೆ ಕೂಡ್ಲಿಗಿಯಲ್ಲಿ ಕಾಂಕ್ರೀಟು ಹೊರುತ್ತಾಳೆ. ಮೊನ್ನೆ ಕೆಲಸದ ನಡುವೆ ಪಂಪಮ್ಮನ ಫೋನು: "ಅಕ್ಕ, ಪಕ್ಕದ ಮನಿಯೋರು ತಮ್ಮ ಮಾಳಿಗೀನೂ ಸರಿ ಮಾಡಿಕೊಡ್ರಿ ಅಂತ ಕೇಳ್ಯಾರ. ಬರೋ ಬ್ಯಾಸಿಗಿಗೆ ನಾನು ನೀನು ಇಬ್ಬರೂ ಕೂಡಿ ಮಾಡ್ತೀವಿ ಅಂತ ಹೇಳೀನಿ."