ಬೆಳಗಿನ ಹೊತ್ತು ಮಗುವನ್ನು ಇಟ್ಟುಕೊಂಡವರು

ಮಗಳಿಗೆ ಕಿದ್ವಾಯಿ ನಗರದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿದಾಗ ನಾನೂ ಅವಳ ಜೊತೆ ದೆಹಲಿಗೆ ಬಂದೆ. ಮಗಳು ಕಚೇರಿಗೆ, ಮೊಮ್ಮಗ ಶಾಲೆಗೆ ಹೊರಟ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯ ಎದುರಿಗೆ, ತಗಡಿನ ಬೇಲಿಯ ಆಚೆ, ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಸುಮ್ಮನೆ ಕೂರುವ ಹೆಂಗಸು ನಾನಲ್ಲ. ಆ ಕಟ್ಟಡದ ಉಸ್ತುವಾರಿ ನನ್ನದೇ ಎಂಬಂತೆ ದಿನವೂ ನಿಂತು ನೋಡುತ್ತಿದ್ದೆ.

ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳಿಗೆ ಇಬ್ಬರು ಮಕ್ಕಳಿದ್ದರು. ಏಳೆಂಟು ವರ್ಷದ ಹುಡುಗಿ, ಇನ್ನೂ ನಡೆಯಲು ಕಲಿಯುತ್ತಿದ್ದ ಗಂಡುಮಗು. ತಾಯಿ ಕೆಲಸದಲ್ಲಿರುವಷ್ಟು ಹೊತ್ತೂ ಮಗು ಅಕ್ಕನ ಸೊಂಟದ ಮೇಲೆ. ಕೆಳಗಿಳಿಸಿದರೆ ಅದು ಮರಳು, ಕಬ್ಬಿಣ, ನೀರಿನ ಗುಂಡಿ ಎಲ್ಲಿಗೆಂದರಲ್ಲಿಗೆ ತೆವಳುತ್ತಿತ್ತು. ನನ್ನ ಮೊಮ್ಮಗ ಸ್ಕೂಲ್ ಬಸ್ಸು ಹತ್ತುವಾಗ ಆ ಹುಡುಗಿ ಬೇಲಿಯ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಬಸ್ಸು ಹೋದ ಮೇಲೂ ಅಲ್ಲೇ ನಿಂತಿರುತ್ತಿದ್ದಳು.

ನನ್ನ ಪಿಂಚಣಿಯಲ್ಲಿ ಒಂದಿಷ್ಟು ಪ್ರತಿ ತಿಂಗಳು ಆಫ್ರಿಕಾದ ಯಾವುದೋ ಹಳ್ಳಿಯ ಶಾಲೆಗೆ ಹೋಗುತ್ತದೆ. ಮಗಳು ಫೋನಿನಲ್ಲಿ ಅದನ್ನು ಹೊಂದಿಸಿಕೊಟ್ಟಿದ್ದಾಳೆ. ಅಲ್ಲಿನ ಮಕ್ಕಳು ಹೊಸ ಬೆಂಚುಗಳಲ್ಲಿ ಕೂತ ಚಿತ್ರ ಬಂದ ದಿನ ನನಗೆ ನಿಜವಾಗಿಯೂ ಸಂತೋಷವಾಗಿತ್ತು, ಈಗಲೂ ಕೊಡುತ್ತೇನೆ. ಆದರೆ ಬೇಲಿಯಾಚೆಯ ಈ ಹುಡುಗಿಗೆ ದುಡ್ಡಿನಿಂದ ಆಗಬೇಕಾದ್ದು ಹೆಚ್ಚೇನೂ ಇರಲಿಲ್ಲ. ಸರ್ಕಾರಿ ಶಾಲೆ ಹತ್ತಿರದಲ್ಲೇ ಇತ್ತು, ಫೀಸಿಲ್ಲ, ಮಧ್ಯಾಹ್ನದ ಊಟವೂ ಉಂಟು. ಬೆಳಗಿನ ಹೊತ್ತು ಆ ಮಗುವನ್ನು ಅವಳ ಸೊಂಟದಿಂದ ಯಾರಾದರೂ ಎತ್ತಿಕೊಂಡರೆ ಸಾಕಿತ್ತು.

ನನ್ನ ಹಿಂದಿ ತರಕಾರಿ ಕೊಳ್ಳುವಷ್ಟಕ್ಕೆ ಮಾತ್ರ. ಅದಕ್ಕೇ ಕೆಳಗಿನ ಮನೆಯಾಕೆಯನ್ನು ಕರೆದುಕೊಂಡು ಆ ತಾಯಿಯ ಹತ್ತಿರ ಹೋದೆ. ಅವರು ತುಮಕೂರಿನ ಕಡೆಯವರು, ಮದುವೆಯಾದಂದಿನಿಂದ ದೆಹಲಿಯಲ್ಲೇ ಇದ್ದವರು, ಹಿಂದಿ ನೀರು ಕುಡಿದಷ್ಟು ಸಲೀಸು. ಬೆಳಗಿನ ಹೊತ್ತು ಮಗುವನ್ನು ನಮ್ಮಲ್ಲಿ ಬಿಡು ಎಂದು ಅವರು ಕೇಳಿದಾಗೆಲ್ಲ ಆ ತಾಯಿ ಆಗದೆಂದು ತಲೆ ಅಲ್ಲಾಡಿಸಿದಳು. ಮೂರನೆಯ ಸಲ ಹೋದಾಗ, ಊಟದ ಹೊತ್ತಿಗೆ ತಾನು ಬಂದು ಮಗುವನ್ನು ನೋಡಬಹುದೇ ಎಂದು ಕೇಳಿದಳು. ದಿನಕ್ಕೆ ಹತ್ತು ಸಲ ಬೇಕಾದರೂ ಬಾ ಎಂದೆ. ಮರುದಿನ ಮಗು ನಮ್ಮ ಮನೆಗೆ ಬಂತು.

ಮಗುವಿಗೆ ಏನು ತಿನ್ನಿಸುವುದೆಂದು ನಾವಿಬ್ಬರೂ ಯೋಚಿಸಲೇ ಇಲ್ಲ. ನಮ್ಮ ಮನೆಯ ಮಕ್ಕಳಿಗೆಲ್ಲ ತಿನ್ನಿಸಿದ್ದು ರಾಗಿ ಸರಿ, ಅದನ್ನೇ ಮಾಡಿದೆವು. ಮಧ್ಯಾಹ್ನ ಬಂದ ತಾಯಿ ಬಟ್ಟಲಿನಲ್ಲಿದ್ದ ಕಂದುಬಣ್ಣದ ಹಿಟ್ಟನ್ನು ನೋಡಿ ಬೆಚ್ಚಿದಳು. ಬುಂದೇಲಖಂಡದ ಆಕೆ ರಾಗಿಯನ್ನು ಕಂಡವಳಲ್ಲ. ಮಗುವನ್ನು ಎತ್ತಿ ಎದೆಗವಚಿಕೊಂಡಳು. ಕೆಳಗಿನ ಮನೆಯವರು ವಿವರಿಸಿ ಹೇಳಿದರೂ ನಂಬಿಕೆ ಬರಲಿಲ್ಲ. ನಾನು ಅದೇ ಬಟ್ಟಲಿನಿಂದ ತಿಂದು ತೋರಿಸಿದೆ. ಆಮೇಲೆ ಅವಳೂ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಆ ತುತ್ತು ಅವಳ ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತಿದ್ದೆ. ಅವಳು ಮಗುವನ್ನು ಮತ್ತೆ ಚಾಪೆಯ ಮೇಲೆ ಕೂರಿಸಿದಳು.

ಮಗು ಇನ್ನೊಬ್ಬರ ಮನೆಯದು, ಅದರ ಮಾತೇ ಬೇರೆ ಎಂಬುದೂ ನಮಗೆ ಹೊಳೆಯಲಿಲ್ಲ. ಮೊಮ್ಮಗ ನನ್ನ ಕನ್ನಡಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವವನು. ಎದುರು ಮಾತಾಡದ ಈ ಮಗು ಸಿಕ್ಕಿದ್ದೇ ತಡ, ಇದ್ದಷ್ಟು ಹೊತ್ತೂ ಕನ್ನಡದಲ್ಲೇ ಮುದ್ದಿಸಿದೆ. ಅದು ಮೊದಲು ಕಲಿತದ್ದು ‘ಬೇಡ’. ತಾಯಿ ರೊಟ್ಟಿ ಕೊಡಲು ಹೋದರೆ ‘ಬೇಡ’ ಅನ್ನುತ್ತದಂತೆ, ಹಾಗಂದರೇನು ಎಂದು ಅವಳು ಕೇಳಿದಳು. ಅರ್ಥ ತಿಳಿದ ಮೇಲೆ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಡುಗಿ ಶಾಲೆಗೆ ಸೇರಿದಳು. ತನಗಿಂತ ಚಿಕ್ಕವರ ಜೊತೆ ಕೂರಬೇಕಾಯಿತು, ಅದರ ಬಗ್ಗೆ ಅವಳಿಗೆ ಬೇಸರವೇನೂ ಇದ್ದಂತಿರಲಿಲ್ಲ. ಶಾಲೆ ಬಿಟ್ಟವಳು ನೇರ ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಹಿಟ್ಟಿನ ಚೀಲ, ಉಪ್ಪಿನ ಪೊಟ್ಟಣ, ಬೆಂಕಿಪೆಟ್ಟಿಗೆ, ಕಣ್ಣಿಗೆ ಬಿದ್ದ ಹಿಂದಿ ಅಕ್ಷರವನ್ನೆಲ್ಲ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಅಪ್ಪನ ಫೋನಿಗೆ ಬಂದ ಸಂದೇಶಗಳನ್ನು ಮನೆಯವರಿಗೆಲ್ಲ ಅವಳೇ ಓದಿ ಹೇಳುತ್ತಿದ್ದಳಂತೆ. ಇದನ್ನು ಹೇಳುವಾಗ ಆ ತಾಯಿಯ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಲಾರೆ.

ಹೋಳಿಯ ನಂತರ ಇಲ್ಲಿನ ಕೆಲಸ ಮುಗಿಯುತ್ತದೆ, ಗುತ್ತಿಗೆದಾರ ತಮ್ಮನ್ನೆಲ್ಲ ನೋಯ್ಡಾಕ್ಕೆ ಕರೆದೊಯ್ಯುತ್ತಾನೆ ಎಂದು ಒಂದು ದಿನ ಅವಳೇ ಬಂದು ಹೇಳಿದಳು. ಹೊಸ ಜಾಗದಲ್ಲಿ ಮಗು ಮತ್ತೆ ಅಕ್ಕನ ಸೊಂಟಕ್ಕೆ ಹೋಗುತ್ತದೆ, ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಕೆಳಗಿನ ಮನೆಯವರು ಒಳ್ಳೆಯ ಮನಸ್ಸಿನಿಂದಲೇ, ಹುಡುಗಿಯನ್ನು ನಮ್ಮಲ್ಲೇ ಬಿಡು, ಓದಿಸುತ್ತೇವೆ, ಮನೆಯಲ್ಲಿ ಅಷ್ಟಿಷ್ಟು ಕೈಜೋಡಿಸಿದರಾಯಿತು ಎಂದರು. ತಾಯಿ ಮಗಳ ಕೈ ಹಿಡಿದು, ಮಗುವನ್ನೆತ್ತಿಕೊಂಡು ಹೊರಟುಹೋದಳು. ಮರುದಿನ ಮಗು ಬರಲಿಲ್ಲ. ಓದಿಸುತ್ತೇವೆಂದು ಕರೆತಂದ ಹೆಣ್ಣುಮಕ್ಕಳು ಈ ಊರಿನ ಮನೆಗಳಲ್ಲಿ ಪಾತ್ರೆ ತೊಳೆಯುತ್ತ ಉಳಿದುಬಿಡುವುದನ್ನು ಅವಳು ಎಷ್ಟು ನೋಡಿದ್ದಳೋ. ಕೆಳಗಿನ ಮನೆಯವರ ಜೊತೆ ಅವತ್ತು ನಾನು ಜಗಳವಾಡಿದೆ. ಅವರು ಅತ್ತರು. ಸಂಜೆ ಇಬ್ಬರೂ ಹೋಗಿ, ಆ ಮಾತನ್ನು ಬಿಟ್ಟೆವು, ಮಗುವನ್ನು ಕಳಿಸು ಎಂದು ಬೇಡಿಕೊಂಡೆವು. ಮಾರನೆಯ ಬೆಳಿಗ್ಗೆ ಮಗು ಮತ್ತೆ ಬಂತು.

ದೆಹಲಿಯಲ್ಲಿರುವ ನಮ್ಮ ಕನ್ನಡದವರದೊಂದು ವಾಟ್ಸಾಪ್ ಗುಂಪಿದೆ. ಊರಿನಿಂದ ಯಾರಾದರೂ ಬರುವವರಿದ್ದಾರೆಯೇ, ಸಾರಿನ ಪುಡಿ ತರುತ್ತಾರೆಯೇ ಎಂದು ಕೇಳುವುದು ಬಿಟ್ಟರೆ ಅಲ್ಲಿ ಬೇರೆ ಮಾತಿಲ್ಲ. ಬಂದ ಪೊಟ್ಟಣ ಜನಕಪುರಿಯಲ್ಲಿ ಇಳಿದು, ಕರೋಲ್ ಬಾಗಿನಲ್ಲಿ ಒಬ್ಬರ ಕೈಗೆ ಹೋಗಿ, ಅಲ್ಲಿಂದ ಯಾರದೋ ಚೀಲದಲ್ಲಿ ಮೆಟ್ರೋ ಹತ್ತಿ ನಮ್ಮ ಮನೆಗೆ ಬರುತ್ತದೆ. ಮುಖ ನೋಡದವರೂ ತಂದು ಕೊಟ್ಟು ಹೋಗುತ್ತಾರೆ. ಪುಡಿಗೆ ಇಷ್ಟು ಓಡಾಡುವ ಜನ ಒಂದು ಮಗುವಿಗೆ ಓಡಾಡಲಾರರೇ ಅನ್ನಿಸಿತು. ನೋಯ್ಡಾದ ಆ ಜಾಗದ ಹೆಸರು ಹಾಕಿ, ಬೆಳಗಿನ ಹೊತ್ತು ಒಂದು ಮಗುವನ್ನು ಇಟ್ಟುಕೊಳ್ಳುವವರು ಇದ್ದೀರಾ ಎಂದು ಕೇಳಿದೆ. ಇದು ಅಂಥ ಗುಂಪಲ್ಲ ಎಂದು ಒಬ್ಬರು ಬರೆದರು. ಹಾಗಾದರೆ ಎಂಥ ಗುಂಪು ಎಂದು ನಾನೂ ಬರೆದೆ. ಎರಡು ದಿನ ಕಳೆಯಿತು. ಆಮೇಲೆ ನಿವೃತ್ತ ಶಿಕ್ಷಕಿಯೊಬ್ಬರು, ತಮ್ಮ ಮನೆ ಅಲ್ಲಿಂದ ನಡೆಯುವಷ್ಟು ದೂರ, ಮಂಡಿನೋವಿದೆ, ಆದರೂ ಇಟ್ಟುಕೊಳ್ಳುತ್ತೇನೆ ಎಂದು ಫೋನ್ ಮಾಡಿದರು.

ಹೋಳಿ ಕಳೆದ ಮೇಲೆ ಆ ಸಂಸಾರ ಲಾರಿ ಹತ್ತಿತು. ಹೊಸ ಶಾಲೆಗೆ ಹುಡುಗಿಯನ್ನು ಸೇರಿಸಲು ಶಿಕ್ಷಕಿಯವರೇ ಓಡಾಡಿದರು. ನಾನು ಮೆಟ್ರೋದಲ್ಲಿ ಹೋಗಿ ನೋಡಿ ಬಂದೆ. ಮಗು ನನ್ನನ್ನು ಗುರುತಿಸಿತು, ಹುಡುಗಿ ಪಾಠ ಓದಿ ತೋರಿಸಿದಳು. ಮಳೆಗಾಲದವರೆಗೆ ಹೀಗೇ ನಡೆಯಿತು. ಒಂದು ಸೋಮವಾರ ಮಗು ಬರಲಿಲ್ಲವೆಂದು ಶಿಕ್ಷಕಿಯವರು ಸೈಟಿಗೆ ಹೋದರೆ ಗುಡಿಸಲುಗಳೇ ಇರಲಿಲ್ಲ. ರಾತ್ರೋರಾತ್ರಿ ಗುರುಗ್ರಾಮದ ಕಡೆಗೆ ಕರೆದೊಯ್ದರೆಂದು ಕಾವಲುಗಾರ ಹೇಳಿದನಂತೆ. ಹುಡುಗಿಯ ಅಪ್ಪನ ಫೋನು ಬಂದ್ ಆಗಿತ್ತು. ಆಮೇಲೆ ಆ ನಂಬರು ಬೇರೆ ಯಾರದೋ ಆಯಿತು.

ಗುಂಪಿನಲ್ಲಿ ಹುಡುಗಿಯ ಚಿತ್ರ ಹಾಕಿದೆ. ಗುರುಗ್ರಾಮದಲ್ಲಿರುವ ನಮ್ಮವರು ತಮ್ಮ ತಮ್ಮ ಬೀದಿಯ ಕಟ್ಟಡಗಳಲ್ಲಿ ವಿಚಾರಿಸಿದರು. ಮೊದಲು ನನ್ನನ್ನು ಆಕ್ಷೇಪಿಸಿದ್ದವರೂ ಎರಡು ಕಡೆ ಹೋಗಿ ಕೇಳಿಬಂದರು. ಎಲ್ಲೂ ಸಿಗಲಿಲ್ಲ. ಓದಲು ಕಲಿತ ಹುಡುಗಿ ಮತ್ತೆ ಯಾವ ಬೇಲಿಯ ಹಿಂದೆ ನಿಂತಿದ್ದಾಳೋ ಎಂದು ನೆನೆದರೆ ಊಟ ಸೇರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಗುಂಪಿನಲ್ಲಿದ್ದ ಗುರುಗ್ರಾಮದ ಮನೆಯೊಂದರ ಸೊಸೆ, ಇನ್ನೂ ಚಿಕ್ಕ ವಯಸ್ಸಿನವಳು, ಒಂದು ಚಿತ್ರ ಕಳಿಸಿದಳು. ಸೊಂಟದ ಮೇಲೆ ಮಗು ಹೊತ್ತ ಹುಡುಗಿ. ಕನ್ನಡಕ ಹುಡುಕಿ ಹಾಕಿಕೊಂಡೆ. ನೋಡಿದರೆ ಅವಳಲ್ಲ. ಆ ಸೊಸೆಯೇ ಫೋನ್ ಮಾಡಿದಳು.

“ನೀವು ಹುಡುಕ್ತಿರೋ ಹುಡುಗಿ ಅಲ್ಲ ಅಂತ ನಂಗೂ ಗೊತ್ತು ಆಂಟಿ. ಇವಳೂ ಸ್ಕೂಲಿಗೆ ಹೋಗ್ತಿಲ್ಲ. ಮಗೂನ ಬೆಳಗ್ಗೆ ನಮ್ಮನೇಲಿ ಬಿಡು ಅಂತ ಅವಳಮ್ಮನ್ನ ಹೇಗೆ ಕೇಳ್ಬೇಕು?”

ಅವಳಲ್ಲವಲ್ಲ ಎಂಬ ಸಂಕಟ ನನಗೆ. ಆ ಚಿತ್ರದ ಹುಡುಗಿಯ ಮೇಲೂ ಒಂದು ಕ್ಷಣ ಸಿಟ್ಟು ಬಂತು. ನಾಳೆ ಭಾನುವಾರ, ಅವತ್ತು ಹೋಗಿ ಕೇಳಲೇ ಎಂದಳು ಸೊಸೆ.

“ನಾಳೆ ಅನ್ನಬೇಡಮ್ಮ,” ಎಂದೆ. “ಈಗಲೇ ಚಪ್ಪಲಿ ಮೆಟ್ಟಿಕೊಂಡು ಹೋಗು. ನಾಳೆ ಅವರು ಅಲ್ಲಿರ್ತಾರೋ ಇಲ್ವೋ.”