ಗಣಪತಿ ನೀರಿನ ಅಳತೆ

ಮರಾಠಿ ನಾಡಿನ ನಿಗಡಿಯಿಂದ ಶಿವಾಜಿನಗರದ ಆಫೀಸಿಗೆ ನಾನು ದಿನಾಲೂ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದೆ ಸಿಮೆಂಟಿನ ಲಾರಿ, ಹಿಂದೆ ಕಬ್ಬಿಣದ ಟ್ರೇಲರ್, ನಡುವೆ ನಾನು. ಹೆದ್ದಾರಿಯ ಸರಕನ್ನು ನದಿಗೆ ಇಳಿಸಿದರೆ ರಸ್ತೆ ಎಷ್ಟು ಹಗುರಾಗುತ್ತದೆ ಎಂಬ ವರದಿಯ ಮೊದಲ ಅಧ್ಯಾಯ ಬರೆದದ್ದು ಅಲ್ಲೇ ಕೂತು. ಸಮಯಕ್ಕೇನೂ ಬರವಿರಲಿಲ್ಲ. ನಮ್ಮದು ಸಣ್ಣ ಸಲಹಾ ಕಂಪನಿ. ನದಿಯ ಆಳ ಅಳೆದು, ಇಲ್ಲಿ ಸರಕು ದೋಣಿ ಓಡುತ್ತದೆ ಎಂದು ಬರೆದುಕೊಡಬೇಕಿತ್ತು. ಓಡುತ್ತದೆಯೇ ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ.

ಅಳತೆಗೆ ನನ್ನ ಜೊತೆ ಬರುತ್ತಿದ್ದವರು ಯಾದಗಿರಿ ಕಡೆಯ ಒಬ್ಬ ಅಂಬಿಗರು. ಊರಲ್ಲಿ ಹೊಳೆಗೆ ಸೇತುವೆ ಆದ ಮೇಲೆ ಇಲ್ಲಿಗೆ ಬಂದು, ಮಗರಪಟ್ಟಾದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಮೊಣಕಾಲು ಹಾಳುಮಾಡಿಕೊಂಡಿದ್ದರು. ಯೋಜನೆ ಪಾಸಾದರೆ ದೋಣಿ ನಡೆಸುವ ಕಾಯಂ ನೌಕರಿ ನಿಮಗೇ ಎಂದು ನಮ್ಮ ಮಾಲೀಕರು ಅವರಿಗೆ ಮಾತು ಕೊಟ್ಟಿದ್ದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಮಗನ ವಯಸ್ಸಿನ ನನಗೆ ಅವರು ಸಾಹೇಬ್ರ ಅನ್ನುತ್ತಿದ್ದರು.

ನಾವು ನದಿಗೆ ಇಳಿದದ್ದು ಗಣಪತಿ ವಿಸರ್ಜನೆಯ ಹಿಂದಿನ ದಿನ. ನಾಳೆ ಊರಿಗೇ ರಜೆ, ಇವತ್ತೇ ಮುಗಿಸಿಬಿಡಿ ಎಂದು ಮಾಲೀಕರ ಅಪ್ಪಣೆಯಾಗಿತ್ತು. ಗಳ ಇಳಿಸಿದರೆ ಆಳುದ್ದ ನೀರು. ನನಗೆ ಖುಷಿಯೋ ಖುಷಿ.

“ಸಾಹೇಬ್ರ, ಇದು ಹೊಳಿ ನೀರಲ್ರಿ,” ಎಂದರು ಕಾಕಾ. “ಗಣಪ್ಪನ್ನ ಕಳಸಾಕ ಡ್ಯಾಮಿಂದ ಬಿಟ್ಟಾರ. ಗಣಪ್ಪ ಹ್ವಾದ ಮ್ಯಾಲ ಇಲ್ಲಿ ಎಮ್ಮಿ ಸೈತ ಮುಳಗೂದಿಲ್ಲ.”

“ಹಂಗಂದ್ರ ನಿಮ್ಮ ನೌಕರಿನ ಹೋಗ್ತದಲ್ಲ ಕಾಕಾ.”

“ಹೋದ್ರ ಹೋಗ್ಲಿ ರೀ. ಅಂಬಿಗ ಆದಾಂವ ನೀರಿನ ಬಗ್ಗೆ ಸುಳ್ಳ ಹೇಳಬಾರದು. ಇದನ್ನೂ ಬರಕೋರಿ.”

ಅಳತೆ ಪುಸ್ತಕದ ಕೊನೆಯಲ್ಲಿ ವಿಶೇಷ ಸಂಗತಿ ಬರೆಯಲು ‘ಷರಾ’ ಎಂಬ ಕಾಲಂ ಇರುತ್ತದೆ. ನಾನು ಅದರ ಮೇಲೆ ಪೆನ್ನು ಆಡಿಸಿದೆ.

“ಬರಕೊಂಡ್ರ್ಯಾ?”

“ಹೂಂ, ಬರಕೊಂಡೆ.”

ಕಾಕಾಗೆ ಓದಲು ಬರುತ್ತಿರಲಿಲ್ಲ. ನಾನು ಒಂದಕ್ಷರವನ್ನೂ ಬರೆದಿರಲಿಲ್ಲ. ವರದಿ ಪಾಸಾದರೆ ನನಗೂ ಬಡ್ತಿ ಇತ್ತು. ಆದರೆ ಇದೆಲ್ಲ ಪಾಪ ಕಾಕಾನ ನೌಕರಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಪರೋಪಕಾರಿಯಾಗಲು ಇಷ್ಟು ಸುಲಭದ ದಾರಿ ಮತ್ತೆ ಸಿಗಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ, ನಮ್ಮ ವರದಿ ನಂಬಿ, ಪರೀಕ್ಷೆಗೆಂದು ಮಾದರಿ ದೋಣಿ ಬಂತು. ಬಂದದ್ದು ಹೆದ್ದಾರಿಯ ಮೇಲೆ, ಉದ್ದನೆಯ ಟ್ರೇಲರ್‌ನಲ್ಲಿ. ತಿರುವಿನಲ್ಲಿ ಅದು ಅಡ್ಡಲಾಗಿ ನಿಂತು ಎರಡೂ ಕಡೆ ಲಾರಿಗಳ ಸಾಲು ಬೆಳೆಯಿತು. ರಸ್ತೆ ಹಗುರಮಾಡುವ ಆ ಸಮಾರಂಭಕ್ಕೆ ನನ್ನ ಬಸ್ಸು ಒಂದು ತಾಸು ತಡವಾಗಿ ತಲುಪಿತು.

ತೆಂಗಿನಕಾಯಿ ಒಡೆದರು. ಸಿಮೆಂಟಿನ ಚೀಲ ಹೇರಿದರು. ಕಂಪನಿ ಕೊಟ್ಟ ಹೊಸ ನೀಲಿ ಅಂಗಿ ತೊಟ್ಟ ಕಾಕಾ ನನ್ನ ಕಡೆ ನೋಡಿ ನೀರು ಸಾಲದು ಎಂಬಂತೆ ತಲೆ ಅಲ್ಲಾಡಿಸಿದರು, ಆಮೇಲೆ ಹುಟ್ಟು ಹಿಡಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ನಾವು ದಾಟುವ ಪುರುಸೊತ್ತೂ ಕೊಡಲಿಲ್ಲ. ಹತ್ತು ಮಾರು ಹೋಗಿ ದೋಣಿ ಕೆಸರಿನಲ್ಲಿ ಕೂತಿತು. ಕಾಕಾ ಕೆಳಗಿಳಿದು ನೂಕಿದರು. ನೀರು ಅವರ ಆ ಹಾಳಾದ ಮೊಣಕಾಲಿಗೂ ಬರಲಿಲ್ಲ. ಅತಿಥಿಗಳು ಫೋಟೋ ತೆಗೆದುಕೊಂಡರು.

ಅಳತೆ ಮಾಡಿದ್ದು ಯಾರು ಎಂದು ಮಾಲೀಕರು ಮರಾಠಿಯಲ್ಲಿ ಗುಡುಗಿದರು. ನಾನು ಬೂಟು ನೋಡಿಕೊಂಡು ನಿಂತೆ. ನೀರಿನಲ್ಲಿದ್ದ ಕಾಕಾಗೆ ಮರಾಠಿ ಅಷ್ಟಕ್ಕಷ್ಟೇ, ಆದರೂ ಪ್ರಶ್ನೆ ಊಹಿಸಿ ತಲೆಯೆತ್ತಿದರು.

“ಅಳದಾಂವ ನಾನ ರೀ. ಇದು ಗಣಪ್ಪನ ನೀರು ಅಂತ ಅವತ್ತ ಹೇಳೀನ್ರಿ. ಸಾಹೇಬ್ರು ಬರಕೊಂಡಾರ, ಪುಸ್ತಕ ನೋಡ್ರಿ.”

ಮಾಲೀಕರಿಗೆ ಕನ್ನಡ ಬಾರದು. ಏನಂತೆ ಎಂಬಂತೆ ನನ್ನ ಮುಖ ನೋಡಿದರು. ನಾನು ಮೊದಲ ವಾಕ್ಯವನ್ನಷ್ಟೇ ಮರಾಠಿಯಲ್ಲಿ ಹೇಳಿದೆ.

ಕಾಕಾನನ್ನು ಅಲ್ಲೇ ಕೆಲಸದಿಂದ ತೆಗೆದರು. ಆಳದ ಬಗ್ಗೆ ಇನ್ನೊಂದು ಅಧ್ಯಯನ ಬೇಕೆಂದು ತೀರ್ಮಾನವಾಗಿ, ಅದು ಬಡ್ತಿಯ ಸಮೇತ ನನಗೇ ಬಂತು. ಆ ನಾಚಿಕೆ ಇನ್ನೂ ಹೋಗಿಲ್ಲ. ಹೋಗುವಾಗ ಕಾಕಾ ನೀಲಿ ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಅಳತೆ ಪುಸ್ತಕ ನನ್ನ ಹೆಗಲ ಚೀಲದಲ್ಲೇ ಇತ್ತು.

“ನೀವೇನ್ ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ,” ಎಂದರು. “ಪುಸ್ತಕ ನೋಡಿದ್ರ ಅವರಿಗೇ ತಿಳೀತದ. ಆವಾಗ ಹೇಳಿ ಕಳಸ್ರಿ, ಬರ್ತೀನಿ.”